ಬ್ಲ್ಯಾಕ್ ಉದ್ಯಮಿಗಳ ಸಮಾವೇಶಕ್ಕೆ ಕರೀತಿದಾಳೆ, ನಾನು ಹೋಗಿ ಏನ್ ಮಾಡ್ಲಿ?

ಸಂಜೆಮಲ್ಲಿಗೆ:
ಎಲ್ರಿಗೂ ನಮಸ್ಕಾರ. ನಾನಿರೋದು ಅಟ್ಲಾಂಟಾದಲ್ಲಿ. ಜೊತೇಲಿ ಕೆಲಸ ಮಾಡ್ತಿದ್ದ ಗೆಳತಿ ಒಬ್ಳು, ಬ್ಲ್ಯಾಕ್ ಅಮೆರಿಕನ್, ಕೆಲಸ ಬಿಟ್ಟು ಕೂದಲಿಗೆ ಹಚ್ಚೋ ಎಣ್ಣೆ, ಕ್ರೀಮ್ ಮಾಡಿ ಮಾರೋಕೆ ಶುರು ಮಾಡಿ ಮೂರು ವರ್ಷ ಆಯ್ತು. ಮುಂದಿನ ತಿಂಗಳು ಬ್ಲ್ಯಾಕ್ ಉದ್ಯಮಿಗಳ ಕಾನ್ಫರೆನ್ಸ್‌ನಲ್ಲಿ ಸ್ಟಾಲ್ ಹಾಕ್ತಿದೀನಿ, ನೀನೂ ಬಾ ಅಂತಿದಾಳೆ. ಹೋಗೋಕೆ ಇಷ್ಟಾನೇ, ಆದ್ರೆ ಅವರ ಸಂಭ್ರಮದಲ್ಲಿ ನಾನು ಚಪ್ಪಾಳೆ ತಟ್ಟಿ ಬರೋದಾ? ಮನೇಲಿ ಬೇರೆ ಕೇಳಿದ್ರು, ವ್ಯಾಪಾರ ಅಂದ್ಮೇಲೆ ಎಲ್ರಿಗೂ ಒಂದೇ ಸಮಾವೇಶ ಸಾಲ್ದಾ, ಇವರದ್ದು ಯಾಕೆ ಬೇರೆ ಅಂತ. ನನಗೆ ಉತ್ತರ ಹೇಳೋಕಾಗ್ಲಿಲ್ಲ.

ಹೊಂಗೆನೆರಳು:
ಖಂಡಿತ ಹೋಗಿ ಅಕ್ಕಾ. ಇದು ಇವತ್ತು ನಿನ್ನೆ ಶುರುವಾಗಿದ್ದಲ್ಲ. ಕಪ್ಪು ಜನರ ದೊಡ್ಡ ನಾಯಕ ಬೂಕರ್ ಟಿ. ವಾಷಿಂಗ್ಟನ್ 1900ರಲ್ಲೇ ಬಾಸ್ಟನ್‌ನಲ್ಲಿ ನ್ಯಾಷನಲ್ ನೀಗ್ರೋ ಬಿಸಿನೆಸ್ ಲೀಗ್ ಅಂತ ಕಪ್ಪು ವ್ಯಾಪಾರಿಗಳ ಸಂಘ ಕಟ್ಟಿದ್ರು. ನಿಮ್ಮ ಗೆಳತಿ ಕಸುಬಿನವರದ್ದೇ ಒಂದು ಕಥೆ ಇದೆ ಕೇಳಿ. ಆ ಸಂಘದ 1912ರ ಶಿಕಾಗೋ ಸಮಾವೇಶಕ್ಕೆ ಮೇಡಂ ಸಿ. ಜೆ. ವಾಕರ್ ಬಂದಿದ್ರು. ಬಟ್ಟೆ ಒಗೆದು ಬದುಕಿದ್ದ ಹೆಂಗಸು, ಅಷ್ಟೊತ್ತಿಗೆ ಇಂಡಿಯಾನಾಪೊಲಿಸ್‌ನಲ್ಲಿ ಕೂದಲಿಗೆ ಹಚ್ಚೋ ಸರಕು ಮಾಡೋ ಸ್ವಂತ ಫ್ಯಾಕ್ಟರಿ. ಆದ್ರೂ ವಾಷಿಂಗ್ಟನ್ ಈಕೆಗೆ ಮಾತಾಡೋಕೆ ಅವಕಾಶ ಕೊಡ್ಲಿಲ್ಲ. ಆಕೆ ಕೂತಲ್ಲಿಂದಾನೇ ಎದ್ದು ನಿಂತು, ಹತ್ತಿ ಹೊಲದಿಂದ ಬಂದೋಳು ನಾನು, ಅಲ್ಲಿಂದ ಬಟ್ಟೆ ಒಗೆಯೋಕೆ, ಅಲ್ಲಿಂದ ಅಡುಗೆಮನೆಗೆ, ಅಲ್ಲಿಂದ ನನ್ನನ್ನ ನಾನೇ ಮೇಲಕ್ಕೆತ್ಕೊಂಡು ಈ ವ್ಯಾಪಾರಕ್ಕೆ ಬಂದೆ, ನನ್ನ ಜಾಗದಲ್ಲಿ ನನ್ನ ಫ್ಯಾಕ್ಟರಿ ಕಟ್ಟಿದೀನಿ ಅಂದ್ರು. ಮುಂದಿನ ವರ್ಷ ಅವರನ್ನೇ ಭಾಷಣಕ್ಕೆ ಕರೆದ್ರು! 1917ರಲ್ಲಿ ಆಕೆ ತನ್ನ ಸರಕು ಮಾರೋ ಹೆಣ್ಮಕ್ಕಳನ್ನೆಲ್ಲ ಫಿಲಡೆಲ್ಫಿಯಾಕ್ಕೆ ಕರೆಸಿ ತಾನೇ ಸಮಾವೇಶ ಮಾಡಿದ್ರು. ಇದನ್ನ ಓದಿದಾಗೆಲ್ಲ ನನಗೆ ಮೈ ಜುಂ ಅನ್ನುತ್ತೆ.

ಲೆಕ್ಕಿಗ:
ನಿಮ್ಮ ಮನೆಯವರ ಪ್ರಶ್ನೆಗೆ ದುಡ್ಡಿನ ಕಡೆಯಿಂದ ಹೇಳ್ತೀನಿ. ಸಣ್ಣ ವ್ಯಾಪಾರಕ್ಕೆ ಮೊದಲ ಬಂಡವಾಳ ಬರೋದು ಸಾಮಾನ್ಯವಾಗಿ ಸ್ವಂತ ಮನೆ ಅಡ ಇಟ್ಟೋ ನೆಂಟರ ಹತ್ರ ಕೈಗಡ ತಗೊಂಡೋ. 1930ರ ದಶಕದಲ್ಲಿ ಸರ್ಕಾರದ ನಕ್ಷೆಗಳೇ ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಳಿದು ಸಾಲಕ್ಕೆ ಅಪಾಯದ ಜಾಗ ಅಂತ ಗುರುತು ಹಾಕಿದ್ವು. ಮನೆಗೇ ಸಾಲ ಇಲ್ಲ ಅಂದ್ರೆ ಅಡ ಇಡೋಕೆ ಏನಿರುತ್ತೆ? ಕಪ್ಪು ಪ್ರಕಾಶಕ ಜಾನ್ ಎಚ್. ಜಾನ್ಸನ್ 1942ರಲ್ಲಿ ಪತ್ರಿಕೆ ಶುರು ಮಾಡಿದ್ದು ಅಮ್ಮನ ಫರ್ನಿಚರ್ ಅಡ ಇಟ್ಟು ತಂದ 500 ಡಾಲರ್‌ನಿಂದ, ಆಮೇಲೆ 1945ರಲ್ಲಿ ಎಬೊನಿ ಅನ್ನೋ ಹೆಸರಾಂತ ಪತ್ರಿಕೆ ತಂದ್ರು.

ಈಗ್ಲೂ ಸಲೀಸಿಲ್ಲ. ನಿಮ್ಮ ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ ಅನ್ನೋ ಹೂಡಿಕೆ ಸಂಸ್ಥೆ ವ್ಯಾಪಾರ ಮಾಡೋ ಕಪ್ಪು ಮಹಿಳೆಯರಿಗೆ 20,000 ಡಾಲರ್ ನೆರವು ಕೊಡ್ತಿತ್ತು. ಕಪ್ಪು ಮಹಿಳೆಯರಿಗೆ ಮಾತ್ರ ಕೊಡೋದು ಜನಾಂಗ ಭೇದ ಅಂತ 2023ರಲ್ಲಿ ಅದರ ಮೇಲೆ ಕೇಸ್ ಬಿತ್ತು, 2024ರಲ್ಲಿ ರಾಜಿ ಆಗಿ ಆ ನೆರವು ನಿಂತೋಯ್ತು. ಕೇಸ್ ಹಾಕಿದ್ದು 1866ರ ಕಾನೂನಿನ ಮೇಲೆ, ಅದು ಬಂದಿದ್ದೇ ಗುಲಾಮಗಿರಿಯಿಂದ ಬಿಡುಗಡೆ ಆದೋರಿಗೆ ಕರಾರು ಮಾಡ್ಕೊಳ್ಳೋ ಹಕ್ಕು ಕೊಡೋಕೆ. ನನಗೆ ಅದು ಇನ್ನೂ ನುಂಗೋಕಾಗಿಲ್ಲ.

ಬೆಳ್ಳಿಚುಕ್ಕಿ:
ನಾನು ಹೋದ ವರ್ಷ ಇಂಥದ್ದೊಂದಕ್ಕೆ ಹೋಗಿದ್ದೆ. ಒಬ್ರು ಸಾಸ್ ಮಾರ್ತಿದ್ರು, ದೊಡ್ಡ ಸ್ಟೋರ್ ಪರವಾಗಿ ಖರೀದಿ ಮಾಡೋರು ಬಂದು ರುಚಿ ನೋಡಿದ್ರು, ಬಾಟಲಿ ತಿರುಗಿಸಿ ಬಾರ್‌ಕೋಡ್ ಎಲ್ಲಿ ಅಂದ್ರು. ಇರ್ಲಿಲ್ಲ. ಅವರ ಮುಖ ಸಣ್ಣಗಾಗಿದ್ದು ನೋಡಿ ಪಕ್ಕದ ಸ್ಟಾಲ್ ಹೆಂಗಸು ತನ್ನ ಗಿರಾಕಿಗಳನ್ನ ಬಿಟ್ಟು ಬಂದು, ಲ್ಯಾಪ್‌ಟಾಪ್ ತೆಗೆದು, ಅದನ್ನ ಎಲ್ಲಿ ತಗೋಬೇಕು, ಆರ್ಡರ್ ಬಂದ್ರೂ ದುಡ್ಡು ಕೈಗೆ ಬರೋಕೆ ಎರಡು ತಿಂಗಳು ಹಿಡಿಯುತ್ತೆ, ಅಲ್ಲೀವರೆಗೆ ಹೇಗೆ ತಡ್ಕೋಬೇಕು, ಎಲ್ಲಾ ಹೇಳ್ಕೊಟ್ರು. ಬೇರೆ ಯಾಕೆ ಅಂದ್ರೆ ನಾನು ಇದನ್ನೇ ಹೇಳೋದು. ನೀವು ಮಾಡೋ ದೊಡ್ಡ ಕೆಲಸ ಏನ್ ಗೊತ್ತಾ, ಸ್ಟಾಲ್‌ನಲ್ಲಿ ನಿಲ್ಲೋದು. ಒಬ್ರೇ ಇದ್ರೆ ಖರೀದಿ ಮಾಡೋರನ್ನ ಭೇಟಿ ಮಾಡೋಕೆ ಜಾಗ ಬಿಟ್ಟು ಹೋಗೋಕಾಗಲ್ಲ.

ಸಂಜೆಮಲ್ಲಿಗೆ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಈಗ್ತಾನೇ ಫೋನ್ ಮಾಡಿದ್ದೆ, ಎರಡು ದಿನಾನೂ ಸ್ಟಾಲ್ ನಾನು ನೋಡ್ಕೋತೀನಿ ಅಂದಿದೀನಿ. ಬಾರ್‌ಕೋಡ್ ಇದ್ಯಾ ಅಂತಾನೂ ಕೇಳ್ದೆ. ಎಣ್ಣೆಗಿದೆ, ಕ್ರೀಮ್‌ಗೆ ಇಲ್ವಂತೆ. ಶನಿವಾರ ಕೂತು ಅದನ್ನ ಮಾಡ್ತೀವಿ.