ಲೂಕ 16: ಮನೆವಾರ್ತೆಯವನ ಸಾಮ್ಯವನ್ನ 9ಕ್ಕೇ ನಿಲ್ಲಿಸೋದಾ, 13ರವರೆಗೂ ತಗೊಳ್ಳೋದಾ? ಸಹಾಯ ಬೇಕು

ಕರ್ತನಿಗೆ ಸ್ತೋತ್ರ. ಮಂಡ್ಯದ ಮನೆ ಪ್ರಾರ್ಥನಾ ಕೂಟಕ್ಕೆ ಹದಿನೈದು ನಿಮಿಷದ ಧ್ಯಾನ ಬೇಕಿದೆ, ವಾಕ್ಯಭಾಗ ಲೂಕ 16:1-13. ಕೇಳೋರು ಹೆಚ್ಚಿನಂಶ ಕಬ್ಬು ಬೆಳೆಯೋರು. ಸಾಲದ ಪತ್ರ, ಬಡ್ಡಿ ಅಂದ್ರೆ ಏನು ಅಂತ ಅವರಿಗೆ ಬಿಡಿಸಿ ಹೇಳೋದೇ ಬೇಡ.

ಯೇಸು ಹೇಳಿದ ಈ ಸಾಮ್ಯದಲ್ಲಿ (ದೃಷ್ಟಾಂತ ಕಥೆಯಲ್ಲಿ) ಮನೆವಾರ್ತೆಯವನು, ಅಂದ್ರೆ ಯಜಮಾನನ ಆಸ್ತಿ ನೋಡ್ಕೊಳ್ಳೋನು, ಕೆಲಸ ಹೋಗುತ್ತೆ ಅಂತ ಗೊತ್ತಾದಾಗ ಯಜಮಾನನ ಸಾಲಗಾರರನ್ನ ಕರೆದು ಅವರ ಪತ್ರದಲ್ಲಿ ಎಣ್ಣೆ 100 ಇದ್ದದ್ದನ್ನ 50, ಗೋಧಿ 100 ಇದ್ದದ್ದನ್ನ 80 ಅಂತ ಬರೆಸ್ತಾನೆ. ಬಿಟ್ಟುಕೊಟ್ಟಿದ್ದು ಅವನದೇ ಕಮಿಷನ್, ಇಲ್ಲಾಂದ್ರೆ ಧರ್ಮೋಪದೇಶಕಾಂಡ 23:19 ಬೇಡ ಅಂದಿದ್ದ ಬಡ್ಡಿ ಅನ್ನೋ ವಿವರಣೆ ಇಟ್ಟು ನೋಡಿದ್ದಾಯ್ತು. ಕೇಳೋಕೆ ಚೆನ್ನಾಗಿದೆ, ಆದ್ರೆ ವಾಕ್ಯದಲ್ಲಿ ಕಮಿಷನ್ ಸುದ್ದಿನೇ ಇಲ್ಲ. ಸಾಲ ಯಜಮಾನನದು, 8ನೇ ವಚನ ಇವನನ್ನ ಅನ್ಯಾಯಗಾರ ಅಂತಲೇ ಕರೆಯುತ್ತೆ.

8ರಲ್ಲಿ ಯಜಮಾನ ಅವನನ್ನ ಹೊಗಳೋದು ಮೋಸಕ್ಕಲ್ಲ, ಕೆಲಸ ಹೋಗೋ ಮುಂಚೆ ಮುಂದಿನ ದಾರಿ ನೋಡ್ಕೊಂಡ ಜಾಣತನಕ್ಕೆ ಅಂದ್ರೆ 8 ಸರಿಹೋಗುತ್ತೆ. ಲೂಕ 12:33ರ ದಾನಧರ್ಮದ ಜೊತೆ ಓದಿದ್ರೆ 9 ಕೂಡ (ಅನ್ಯಾಯದ ಧನದಿಂದ ಸ್ನೇಹಿತರನ್ನ ಮಾಡ್ಕೊಳ್ಳಿ ಅನ್ನೋದು). ಸಿಕ್ಕಿಹಾಕ್ಕೊಳ್ಳೋದು 10ರಲ್ಲಿ: ಸ್ವಲ್ಪದರಲ್ಲಿ ನಂಬಿಗಸ್ತನಾಗಿರಬೇಕು ಅಂದ ತಕ್ಷಣ ಅದೇ ಮನುಷ್ಯ ಕೆಟ್ಟ ಮಾದರಿ ಆಗ್ಬಿಡ್ತಾನೆ. 9ಕ್ಕೇ ನಿಲ್ಲಿಸಿದ್ರೆ 'ಹಂಗಾದ್ರೆ ಲೆಕ್ಕ ತಿದ್ದಬಹುದಾ' ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಕೇಳಬೇಕಾದ್ದೇ.

10-13ನ್ನ ಸಾಮ್ಯದ್ದೇ ಅನ್ವಯ ಅಂತ ಒಂದೇ ಧ್ಯಾನದಲ್ಲಿ ತಗೊಳ್ಳೋದಾ, ಬೇರೆ ಉಪದೇಶ ಅಂತ ಮುಂದಿನ ಕೂಟಕ್ಕೆ ಬಿಡೋದಾ? ಒಂದರಲ್ಲೇ ಮುಗಿಸಿರೋ ಸಭಾಪಾಲಕರು, ಸಂಡೇ ಸ್ಕೂಲ್ ಟೀಚರ್‌ಗಳು 9ರಿಂದ 10ಕ್ಕೆ ಹೇಗೆ ದಾಟಿದ್ರಿ ಹೇಳಿ.