ಹ್ಯಾಶ್‌ಟ್ಯಾಗ್ ಕಟ್ಟಿದ ‘ನಾವು’ ಎಷ್ಟು ದಿನ ಬಾಳುತ್ತದೆ?

ಪ್ರಶ್ನೆ: ಇರುವೆಸಾಲು

ಸುಮಾರು ಎಂಟು ವರ್ಷಗಳಿಂದ ನಾನು ಜಾಲತಾಣಗಳಲ್ಲಿ ಒಂದಲ್ಲ ಒಂದು ಹೋರಾಟದ ಪರವಾಗಿ ಬರೆಯುತ್ತ, ಮನವಿಗಳಿಗೆ ಸಹಿ ಹಾಕುತ್ತ, ಸಂದರ್ಭಕ್ಕೆ ತಕ್ಕಂತೆ ಪ್ರೊಫೈಲ್ ಚಿತ್ರ ಬದಲಿಸುತ್ತ ಬಂದಿದ್ದೇನೆ. ಕಳೆದ ವಾರ ಹಳೆಯ ಪೋಸ್ಟ್‌ಗಳನ್ನು ತಿರುವಿ ನೋಡಿದಾಗ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿಷಯಗಳು ಮುಂದೆ ಏನಾದವು ಎಂಬುದೇ ನನಗೆ ತಿಳಿದಿಲ್ಲವೆಂದು ಅರಿವಾಯಿತು. ಆದರೂ ನನ್ನನ್ನು ಬಲ್ಲವರು ‘ಹೋರಾಟದವರು’ ಎಂದೇ ಗುರುತಿಸುತ್ತಾರೆ. ಆ ಹೆಸರು ನನಗೆ ಹಿತವಾಗಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಅವರು ಪೊಲೀಸನೊಬ್ಬನ ಮೊಣಕಾಲಿನಡಿ ಪ್ರಾಣಬಿಟ್ಟ ಎಂಟು ದಿನಗಳ ನಂತರ, 2020ರ ಜೂನ್ 2ರಂದು, ಇನ್‌ಸ್ಟಾಗ್ರಾಮ್‌ನಲ್ಲಿ ಲಕ್ಷಗಟ್ಟಲೆ ಜನ ಬರಿಯ ಕಪ್ಪು ಚೌಕವೊಂದನ್ನು ಹಾಕಿದರು. ನಾನೂ ಹಾಕಿದ್ದೆ. ಬಹಳಷ್ಟು ಮಂದಿ ಅದಕ್ಕೆ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ (ಕಪ್ಪು ಜನರ ಜೀವಕ್ಕೂ ಬೆಲೆಯಿದೆ) ಎಂಬ ಹ್ಯಾಶ್‌ಟ್ಯಾಗ್ ಸೇರಿಸಿದ್ದರಿಂದ, ಬೀದಿಯಲ್ಲಿದ್ದ ಪ್ರತಿಭಟನಕಾರರು ಅದೇ ಹ್ಯಾಶ್‌ಟ್ಯಾಗ್‌ನಲ್ಲಿ ಹಂಚಿಕೊಳ್ಳುತ್ತಿದ್ದ ಮಾಹಿತಿ ಆ ಚೌಕಗಳ ರಾಶಿಯಡಿ ಹೂತುಹೋಯಿತು. ಕೊನೆಗೆ ದಯವಿಟ್ಟು ಅದನ್ನು ತೆಗೆಯಿರಿ ಎಂದು ಕಾರ್ಯಕರ್ತರೇ ಕೇಳಿಕೊಳ್ಳಬೇಕಾಯಿತು. ನೆರವಾಗಲು ಹೋದವರೇ ದಾರಿಗೆ ಅಡ್ಡವಾಗಿ ನಿಂತಂತಾಗಿತ್ತು.

ಹಾಗಾದರೆ ನಾವು ಜಾಲದಲ್ಲಿ ಮಾಡುತ್ತಿರುವುದು ಹೋರಾಟವೋ ಅಥವಾ ನಾವು ಯಾರೆಂದು ಹೇಳಿಕೊಳ್ಳುವ ಒಂದು ಬಗೆಯೋ? ಎರಡನ್ನೂ ಬೇರ್ಪಡಿಸಲು ಸಾಧ್ಯವೇ?

ಉತ್ತರ 1: ಹಳೆಯ ಅಚ್ಚುಮೊಳೆ

ಸಾಧನವನ್ನು ದೂರುವ ಮೊದಲು ಒಂದು ಹಳೆಯ ಘಟನೆಯನ್ನು ನೆನೆಯುವುದು ಒಳ್ಳೆಯದು. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್ಗೊಮೆರಿಯಲ್ಲಿ ಕಪ್ಪು ಜನಾಂಗದ ರೋಸಾ ಪಾರ್ಕ್ಸ್ ಅವರನ್ನು ಬಿಳಿಯರಿಗೆ ಬಸ್ಸಿನ ಸೀಟು ಬಿಟ್ಟುಕೊಡಲಿಲ್ಲವೆಂದು ಬಂಧಿಸಲಾಯಿತು. ಆ ರಾತ್ರಿಯೇ ಜೋ ಆ್ಯನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ಕುಳಿತು, ಬಸ್ಸು ಹತ್ತಬೇಡಿರೆಂದು ಕೋರುವ ಹತ್ತಾರು ಸಾವಿರ ಕರಪತ್ರಗಳನ್ನು ತೆಗೆದರು. ಅಂದಿನ ಮಟ್ಟಿಗೆ ಅದೂ ವೇಗದ ತಂತ್ರಜ್ಞಾನವೇ. ಆದರೆ ಕರಪತ್ರವು ಮೊದಲ ದಿನಕ್ಕೆ ಜನರನ್ನು ಒಂದುಗೂಡಿಸಿತೇ ಹೊರತು, ಉಳಿದ 380 ದಿನಗಳನ್ನು ಅದು ನಡೆಸಲಿಲ್ಲ. ಯಾರ ಕಾರು ಯಾವ ಮೂಲೆಯಲ್ಲಿ ಎಷ್ಟು ಗಂಟೆಗೆ ನಿಲ್ಲಬೇಕು, ಪೆಟ್ರೋಲಿನ ಹಣ ಎಲ್ಲಿಂದ ಬರಬೇಕು, ಕೆಲಸ ಕಳೆದುಕೊಂಡವರನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ವಾರವಾರವೂ ಕೂತು, ಜಗಳವಾಡಿ, ತೀರ್ಮಾನಿಸಿದ ಮೇಲೆಯೇ ಅಲ್ಲಿ ‘ನಾವು’ ಎಂಬುದೊಂದು ಮೂಡಿತು. ಬಸ್ಸುಗಳಲ್ಲಿನ ಬೇರ್ಪಡಿಕೆ ಸಂವಿಧಾನಬಾಹಿರವೆಂಬ ಸುಪ್ರೀಂ ಕೋರ್ಟಿನ ಆದೇಶ ಊರಿಗೆ ತಲುಪುವವರೆಗೂ ಆ ಜನ ಬಸ್ಸು ಹತ್ತಲಿಲ್ಲ.

ಇದಕ್ಕೆ ಎದುರಾಗಿ ಈಜಿಪ್ಟನ್ನು ಇಡಬಹುದು. 2010ರ ಜೂನ್‌ನಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಪೊಲೀಸರ ಹೊಡೆತಕ್ಕೆ ಸತ್ತ ಖಾಲಿದ್ ಸಯೀದ್ ಹೆಸರಿನಲ್ಲಿ ‘ನಾವೆಲ್ಲರೂ ಖಾಲಿದ್ ಸಯೀದ್’ ಎಂಬ ಫೇಸ್‌ಬುಕ್ ಪುಟ ಹುಟ್ಟಿತು. ಆ ಹೆಸರನ್ನು ಗಮನಿಸಿ: ಅದು ಬೇಡಿಕೆಯಲ್ಲ, ಗುರುತು. 2011ರ ಜನವರಿ 25ರಂದು ಜನರನ್ನು ಬೀದಿಗೆ ಕರೆದ ದನಿಗಳಲ್ಲಿ ಆ ಪುಟವೂ ಒಂದು. ಮೂರೇ ದಿನಗಳಲ್ಲಿ ಸರ್ಕಾರ ಇಡೀ ದೇಶದ ಇಂಟರ್ನೆಟ್ಟನ್ನು ಬಹುಮಟ್ಟಿಗೆ ನಿಲ್ಲಿಸಿತು. ಆದರೂ ಜನ ಕಡಿಮೆಯಾಗಲಿಲ್ಲ. ಫೆಬ್ರುವರಿ 11ರಂದು ಅಧ್ಯಕ್ಷ ಮುಬಾರಕ್ ಕೆಳಗಿಳಿದರು. ಅಲ್ಲಿಗೆ ಹದಿನೆಂಟು ದಿನ. ಆಮೇಲೆ ಯಾರು ಆಳಬೇಕೆಂಬ ಪ್ರಶ್ನೆ ಎದ್ದಾಗ, ದಶಕಗಳಿಂದ ಶಿಸ್ತಾಗಿ ಕಟ್ಟಿಕೊಂಡಿದ್ದ ಮುಸ್ಲಿಂ ಬ್ರದರ್‌ಹುಡ್ ಮತ್ತು ಸೇನೆ ಎಂಬ ಎರಡು ಸಂಘಟಿತ ಶಕ್ತಿಗಳು ಮಾತ್ರ ಕಣದಲ್ಲಿ ಉಳಿದವು. ಕೈರೋದ ತಹ್ರೀರ್ ಚೌಕದಲ್ಲಿ ಸೇರಿದ್ದ ಯುವಜನರು ಒಂದು ದನಿಯನ್ನು ಹೊಂದಿದ್ದರು, ಒಟ್ಟಾಗಿ ತೀರ್ಮಾನ ಮಾಡಿ ಅದಕ್ಕೆ ಬದ್ಧರಾಗುವ ಅಭ್ಯಾಸವನ್ನು ಹೊಂದಿರಲಿಲ್ಲ. ಊರೆಲ್ಲ ನೆಂಟರು, ಉಣ್ಣಲಿಕ್ಕೆ ಠಾವಿಲ್ಲ ಎಂಬ ಗಾದೆ ಇಂತಹ ಸ್ಥಿತಿಗೇ ಹೇಳಿದಂತಿದೆ.

ಇಂಟರ್ನೆಟ್ ಜನರನ್ನು ಸೇರಿಸುವ ಶ್ರಮವನ್ನು ಕಡಿಮೆ ಮಾಡಿತು ಎಂದು ನಾವು ಸಂತೋಷಪಡುತ್ತೇವೆ. ಆ ಶ್ರಮದಲ್ಲಿಯೇ ಸಂಘಟನೆ ಬೆಳೆಯುತ್ತಿತ್ತು ಎಂಬುದು ನನ್ನ ತಕರಾರು.

ಉತ್ತರ 2: ಮೌನಗೌರಿ

ಹಿಂದಿನ ಉತ್ತರವನ್ನು ನಾನು ಬಹುಪಾಲು ಒಪ್ಪುತ್ತೇನೆ, ಆದರೆ ಅದು ಗುರುತನ್ನು ಹೋರಾಟದ ಉಪಫಲವೆಂಬಂತೆ ನೋಡುತ್ತದೆ. ಗುರುತೇ ಕಿತ್ತುಹೋದವರಿಗೆ ಅದು ಮೊದಲ ಮೆಟ್ಟಿಲು.

ತರಾನಾ ಬರ್ಕ್ ಅವರು ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಕಪ್ಪು ಜನಾಂಗದ ಹುಡುಗಿಯರಿಗಾಗಿ ‘ಮೀ ಟೂ’ (ನನಗೂ ಹೀಗಾಗಿದೆ) ಎಂಬ ಮಾತನ್ನು 2006ರಲ್ಲಿಯೇ ಬಳಸಲು ಆರಂಭಿಸಿದ್ದರು. 2017ರ ಅಕ್ಟೋಬರ್ 15ರಂದು ನಟಿ ಅಲಿಸಾ ಮಿಲಾನೊ ಅದನ್ನು ಟ್ವಿಟರ್‌ನಲ್ಲಿ ಬರೆದ ಮೇಲೆ, ಫೇಸ್‌ಬುಕ್ ಕೊಟ್ಟ ಲೆಕ್ಕದಂತೆ, ಒಂದು ದಿನದೊಳಗೆ 47 ಲಕ್ಷ ಜನ ಆ ಮಾತುಕತೆಯಲ್ಲಿ ಸೇರಿದರು. ಅವರಲ್ಲಿ ಬಹುತೇಕರು ಯಾವ ಸಂಘಕ್ಕೂ ಸೇರಿದವರಲ್ಲ, ಬೇಡಿಕೆಯ ಪಟ್ಟಿಯೂ ಅವರಲ್ಲಿ ಇರಲಿಲ್ಲ. ಆದರೆ ಇದು ತನ್ನೊಬ್ಬಳದೇ ತಪ್ಪು, ತನ್ನೊಬ್ಬಳದೇ ನಾಚಿಕೆ ಎಂದು ವರ್ಷಗಟ್ಟಲೆ ಒಳಗಿಟ್ಟುಕೊಂಡಿದ್ದವಳು, ಅದೇ ಎರಡು ಪದಗಳನ್ನು ತನ್ನ ಗೆಳತಿಯ, ಸಹೋದ್ಯೋಗಿಯ, ಅತ್ತಿಗೆಯ ಹೆಸರಿನ ಕೆಳಗೆ ಓದಿದಾಗ ಆಗುವ ಬದಲಾವಣೆಯನ್ನು ‘ಬರಿಯ ಹೇಳಿಕೊಳ್ಳುವಿಕೆ’ ಎಂದು ಕರೆಯಲು ನನ್ನಿಂದಾಗದು. ನಾನೂ ಬರೆದೆ. ನನ್ನ ಹೆಸರಿನಲ್ಲಲ್ಲ, ಸುಳ್ಳು ಹೆಸರಿನ ಒಂದು ಖಾತೆಯಿಂದ.

ಈ ಸುಳ್ಳು ಹೆಸರಿನ ವಿಷಯ ಸಣ್ಣದಲ್ಲ. 2014ರ ಫೆಬ್ರುವರಿಯಲ್ಲಿ ಲಿಂಗ ಗುರುತಿಗೆ ಸುಮಾರು 50 ಆಯ್ಕೆಗಳನ್ನು ಕೊಟ್ಟು ಮೆಚ್ಚುಗೆ ಗಳಿಸಿದ ಫೇಸ್‌ಬುಕ್, ಅದೇ ಸೆಪ್ಟೆಂಬರಿನಲ್ಲಿ ‘ನಿಜನಾಮ’ದ ನಿಯಮವನ್ನು ಮುಂದೊಡ್ಡಿ, ರಂಗನಾಮದಿಂದಲೇ ಎಲ್ಲರಿಗೂ ಪರಿಚಿತರಾಗಿದ್ದ ಡ್ರ್ಯಾಗ್ ಕಲಾವಿದರ (ಹೆಚ್ಚಾಗಿ ಹೆಣ್ಣಿನ ವೇಷ ತೊಟ್ಟು ರಂಗದ ಮೇಲೆ ಬರುವವರ) ಖಾತೆಗಳನ್ನು ಮುಚ್ಚಿತು, ದೊಡ್ಡ ಗದ್ದಲವಾದ ಮೇಲೆ ಕ್ಷಮೆ ಕೇಳಿತು. ನೀವು ಯಾರಾಗಬಹುದು ಎಂಬುದಕ್ಕೆ ಪಟ್ಟಿ ಕೊಡುವವರೂ ಅವರೇ, ನೀವು ಯಾರೆಂದು ಸಾಬೀತುಪಡಿಸಿ ಎನ್ನುವವರೂ ಅವರೇ.

ಉತ್ತರ 3: ಎಣ್ಣೆ ಸೀಗೆಕಾಯಿ

ಇಬ್ಬರೂ ಒಂದನ್ನು ಬಿಟ್ಟಿದ್ದೀರಿ. ಜಾಲದಲ್ಲಿ ಯಾವ ‘ನಾವು’ ಎದ್ದು ಕಾಣಬೇಕು ಎಂಬುದನ್ನು ನಾವು ನಿರ್ಧರಿಸುವುದಿಲ್ಲ. 2017ರಲ್ಲಿ, ಯಾವ ಪೋಸ್ಟನ್ನು ಮುಂದೆ ತೋರಿಸಬೇಕೆಂಬ ಫೇಸ್‌ಬುಕ್‌ನ ಲೆಕ್ಕಾಚಾರದಲ್ಲಿ ಕೋಪದ ಮುಖವೂ ಸೇರಿದಂತೆ ಪ್ರತಿಯೊಂದು ಎಮೋಜಿಗೆ ಒಂದು ಲೈಕಿನ ಐದು ಪಟ್ಟು ತೂಕವಿತ್ತೆಂದು, 2021ರಲ್ಲಿ ಹೊರಬಿದ್ದ ಕಂಪನಿಯ ಒಳಗಿನ ಕಾಗದಪತ್ರಗಳಿಂದ ತಿಳಿಯಿತು. ಕೋಪ ಹೆಚ್ಚು ಗಿಟ್ಟುವ ಪೋಸ್ಟ್‌ಗಳಲ್ಲಿ ಸುಳ್ಳು ಹೆಚ್ಚೆಂದು ಅವರ ಸಿಬ್ಬಂದಿಯೇ ಕಂಡುಕೊಂಡ ಮೇಲೆ, 2020ರಲ್ಲಿ ಕೋಪದ ತೂಕವನ್ನು ಸೊನ್ನೆ ಮಾಡಿದರು. ನಡುವಿನ ಮೂರು ವರ್ಷ, ಸಮಾಧಾನವಾಗಿ ಬರೆದ ಕಾರ್ಯಕರ್ತನ ಮಾತು ಹಿಂದೆ ಬಿತ್ತು, ಕೂಗಾಡಿದವನದು ಮುಂದೆ ಬಂತು. ಹಾಗೆ ಮುಂದೆ ಬಂದವನನ್ನೇ ನಾವು ಚಳವಳಿಯ ಮುಖವೆಂದು ತಿಳಿದೆವು, ಕ್ರಮೇಣ ನಾವೂ ಅವನಂತೆಯೇ ಬರೆಯಲು ಕಲಿತೆವು. ಪ್ರಶ್ನಿಸಿದವರು ತಮ್ಮ ಹಳೆಯ ಪೋಸ್ಟ್‌ಗಳನ್ನು ಮತ್ತೆ ಓದುವಾಗ ವಿಷಯವನ್ನಷ್ಟೇ ಅಲ್ಲ, ದನಿಯನ್ನೂ ನೋಡಲಿ.

ಸುಲಭದ ಕೆಲಸವೆಲ್ಲ ವ್ಯರ್ಥವೆಂದೂ ಅಲ್ಲ. 2014ರಲ್ಲಿ ತಲೆಯ ಮೇಲೆ ಮಂಜುಗಡ್ಡೆಯ ನೀರು ಸುರಿದುಕೊಂಡವರನ್ನು ಕಂಡು ನಾನು ನಕ್ಕಿದ್ದೆ. ಆ ಆಟ, ಎಎಲ್‌ಎಸ್ ಎಂಬ ನರರೋಗದ ವಿರುದ್ಧ ದುಡಿಯುವ ಅಮೆರಿಕದ ಸಂಸ್ಥೆಗೆ 11.5 ಕೋಟಿ ಡಾಲರ್ ದೇಣಿಗೆ ತಂದಿತು, ಆ ಹಣ ನೆರವಾದ ಸಂಶೋಧನೆಯೊಂದು 2016ರಲ್ಲಿ ರೋಗಕ್ಕೆ ಸಂಬಂಧಿಸಿದ ಜೀನ್ ಒಂದನ್ನು ಗುರುತಿಸಿತು. ಹಣವನ್ನು ಎಲ್ಲಿ ಹಾಕಬೇಕೆಂದು ತಿಳಿದ ಒಂದು ಸಂಸ್ಥೆ ಮೊದಲೇ ಇತ್ತು, ಅಷ್ಟೇ.

ಪ್ರಶ್ನಿಸಿದವರ ಮರುಮಾತು: ಇರುವೆಸಾಲು

ಮೂವರಿಗೂ ವಂದನೆಗಳು. ಎಣ್ಣೆ ಸೀಗೆಕಾಯಿಯವರು ಹೇಳಿದಂತೆ ದನಿಯನ್ನು ನೋಡಿದೆ; 2018ರ ನನ್ನ ಕೆಲವು ಸಾಲುಗಳನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅವರ ಸ್ನೇಹ ಬಿಡುತ್ತಿದ್ದೆ. ಮೌನಗೌರಿಯವರೇ, ನಿಮ್ಮ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ನಾನು ಪ್ರಶ್ನೆ ಕೇಳಿದ್ದು, ಗುರುತನ್ನು ಅಲಂಕಾರದಂತೆ ತೊಡಬಲ್ಲವನ ಜಾಗದಿಂದ ಎಂಬುದು ಈಗ ಕಾಣುತ್ತಿದೆ.

ಹಳೆಯ ಮನವಿಗಳಲ್ಲಿ ಒಂದನ್ನು ಆರಂಭಿಸಿದವರಿಗೆ ಮೊನ್ನೆ ಪತ್ರ ಬರೆದೆ. ಸಹಿ ಹಾಕಿದವರು ಸಾವಿರಾರು ಮಂದಿ, ಇನ್ನೂ ಉಳಿದಿರುವವರು ಒಂಬತ್ತು ಜನ ಎಂದು ಉತ್ತರ ಬಂತು. ಐದು ವರ್ಷಗಳಲ್ಲಿ ಕಚೇರಿಗಳಿಂದ ಬಂದ ಉತ್ತರಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಪಟ್ಟಿ ಮಾಡುವ ಕೆಲಸ ಬಾಕಿಯಿದೆಯಂತೆ, ಅದಕ್ಕೆ ಯಾರೂ ಸಿಕ್ಕಿಲ್ಲವಂತೆ. ಕಾಗದಗಳು ಇಂದು ಬೆಳಗ್ಗೆ ನನ್ನ ಇಮೇಲ್‌ಗೆ ಬಂದಿವೆ, ಒಟ್ಟು 212 ಪುಟ.