ಅಪ್‌ಡೇಟ್: ಫೆರೆಟ್ ಕೆಮ್ಮಿಗೆ ಕಾರಣ ಶೀತವಲ್ಲ, ಹೃದಯ

ನನ್ನ ನಾಲ್ಕು ವರ್ಷದ ಫೆರೆಟ್ (ಮುಂಗುಸಿಯಂತೆ ಕಾಣುವ ಪುಟ್ಟ ಸಾಕುಪ್ರಾಣಿ) ರಾತ್ರಿ ಹೊತ್ತು ಒಣಕೆಮ್ಮು ಕೆಮ್ಮುತ್ತೆ, ಶೀತವೇ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಎಕ್ಸ್‌ರೇಯಲ್ಲಿ ಹೃದಯ ಹಿಗ್ಗಿರುವುದು, ಶ್ವಾಸಕೋಶದಲ್ಲಿ ನೀರು ತುಂಬಿರುವುದು ಕಾಣಿಸಿತು. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಹೃದಯದ ಸ್ನಾಯು ಸಡಿಲಗೊಂಡಿದ್ದು ಖಚಿತವಾಯಿತು. ಈಗ ನೀರಿಳಿಸಲು ಫ್ಯೂರೋಸೆಮೈಡ್, ಜೊತೆಗೆ ಹೃದಯಕ್ಕೆ ಬಲ ಕೊಡಲು ಪಿಮೋಬೆಂಡಾನ್ ನಡೀತಿದೆ.

ಸುಳಿವು ಸಿಕ್ಕಿದ್ದು ಉಸಿರಿನ ಲೆಕ್ಕದಲ್ಲಿ. ಗಾಢ ನಿದ್ದೆಯಲ್ಲಿರುವಾಗ ಪಕ್ಕೆ ಏರಿಳಿಯುವುದನ್ನು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಆರೋಗ್ಯವಂತ ಫೆರೆಟ್‌ಗೆ ನಿಮಿಷಕ್ಕೆ ಸುಮಾರು 33ರಿಂದ 36. ಇದರದ್ದು 60 ದಾಟಿತ್ತು, ಪ್ರತಿ ಉಸಿರಿಗೂ ಹೊಟ್ಟೆ ಒಳಕ್ಕೆ ಎಳೆದುಕೊಳ್ತಿತ್ತು. ಫ್ಲೂ ಆಗಿದ್ದರೆ ಸಾಮಾನ್ಯವಾಗಿ ಸೀನು, ಮೂಗು ಸೋರುವುದು, ಜ್ವರ ಇರುತ್ತವೆ (ಮನುಷ್ಯರ ಫ್ಲೂ ಇವಕ್ಕೂ ಅಂಟುತ್ತೆ). ಹೃದಯಹುಳುವಿನ (ಸೊಳ್ಳೆ ಕಡಿತದಿಂದ ಬಂದು ಹೃದಯದಲ್ಲಿ ಬೆಳೆಯುವ ಹುಳು) ಪರೀಕ್ಷೆಯನ್ನೂ ಬಿಡಬೇಡಿ. ಅಷ್ಟು ಪುಟ್ಟ ಹೃದಯಕ್ಕೆ ಒಂದೆರಡು ಹುಳುವೇ ಪ್ರಾಣಾಂತಕ. ವಸಡು ನೀಲಿಗಟ್ಟಿದರಂತೂ ಬೆಳಗಿನವರೆಗೆ ಕಾಯಲೇಬೇಡಿ.